ಕ್ಯಾಪ್ಟನ್ನರ ಚಾಪೆ

ನಮ್ಮ ಗಾಲ್ಫ್ ಕ್ಲಬ್ಬಿನ ಕ್ಯಾಪ್ಟನ್ ಟಾರ್ಕ್ವಿಲ್ ಕಿನ್ಲಾಕ್ ಬಗ್ಗಿ ಚಾಪೆ ಹಾಸುವವರಲ್ಲ. ತಮ್ಮ ಚಾಪೆಗೆ ಬಂಗಾರದ ಬಣ್ಣದ ಹುರಿ ಕಟ್ಟಿಸಿಕೊಂಡಿದ್ದಾರೆ. ನಿಂತಲ್ಲಿಂದಲೇ ಇಳಿಬಿಡುತ್ತಾರೆ. ಹೊಡೆದಾದ ಮೇಲೆ ಎಳೆದರೆ ಸಾಕಿದ ನಾಯಿಯಂತೆ ಹಿಂದೆ ಬರುತ್ತದೆ. ಹೋದ ಅಕ್ಟೋಬರಿನ ಸಭೆಯಲ್ಲಿ ಚಾಪೆಯ ನ್ಯಾಯವಾದ ಬಳಕೆಯ ಬಗ್ಗೆ ನಲವತ್ತು ನಿಮಿಷ ಮಾತಾಡಿದವರೂ ಇವರೇ. ‘ನೆಲದ ಮೇಲಿನ ಗೌರವ’ ಅನ್ನುವ ಮಾತು ಒಂಬತ್ತು ಸಲ ಬಂತು. ಆ ನೆಲದ ಹುಲ್ಲು ಕತ್ತರಿಸುವವಳು, ಬಾಚುವವಳು, ಗಾಯಕ್ಕೆ ಮರಳು ತುಂಬುವವಳು ನಾನು. ನನ್ನ ಹೆಸರು ಒಂದು ಸಲವೂ ಬರಲಿಲ್ಲ.

ನಿಯಮವೇನೋ ಸರಳ. ಸ್ಕಾಟ್ಲೆಂಡಿನ ಈ ಕರಾವಳಿಯಲ್ಲಿ ಚಳಿಗಾಲ ಮುಗಿಯುವ ತನಕ ಹುಲ್ಲು ಬೆಳೆಯುವುದಿಲ್ಲ. ಕೋಲು ತಗುಲಿ ಕಿತ್ತ ಹೆಂಟೆ ಕಿತ್ತ ಹಾಗೇ ಉಳಿಯುತ್ತದೆ. ಆದ್ದರಿಂದ ಚೆಂಡು ನಡುವಿನ ಕತ್ತರಿಸಿದ ಹಾದಿಯಲ್ಲಿ, ಅಂದರೆ ಫೇರ್‌ವೇಯಲ್ಲಿ ಬಿದ್ದರೆ ಅದನ್ನು ಎತ್ತಿ, ಮೊಣಕೈ ಉದ್ದದ ಪ್ಲಾಸ್ಟಿಕ್ ಹುಲ್ಲಿನ ಚಾಪೆಯ ಮೇಲಿಟ್ಟು ಹೊಡೆಯಬೇಕು. ಪಕ್ಕದ ಒರಟು ಹುಲ್ಲಿನಲ್ಲಿ ಬಿದ್ದರೆ ಚಾಪೆ ಇಲ್ಲ. ಬಿದ್ದ ಹಾಗೇ ಹೊಡೆ.

ಕಿನ್ಲಾಕರಂಥವರಿಗೆ ಬಾಗಿಲು ತೆರೆಯುವುದು ಇಲ್ಲೇ. ಚಳಿಗಾಲದಲ್ಲಿ ನಾನು ಕತ್ತರಿಸುವ ಯಂತ್ರ ಹೊರಗೆ ತೆಗೆಯುವುದಿಲ್ಲ. ಜನವರಿಯ ಹೊತ್ತಿಗೆ ಹಾದಿಯೂ ಒರಟೂ ಒಂದೇ ಕಂದು ಬಣ್ಣ. ಚೆಂಡು ಗುಂಡಿಗೆ ಹೂತಿದ್ದರೆ ಕಿನ್ಲಾಕರ ಪಾಲಿಗೆ ಅದು ಹಾದಿ, ಬಂಗಾರದ ಹುರಿ ಇಳಿಯುತ್ತದೆ. ಚೆಂಡು ಹುಲ್ಲಿನ ಜುಟ್ಟಿನ ಮೇಲೆ ಮೊಟ್ಟೆಯಂತೆ, ಹೊಡೆಯಲು ಹದವಾಗಿ ಕೂತಿದ್ದರೆ ಅದೇ ಜಾಗ ಒರಟು. ಕಬ್ಬಿಣದ ಕೋಲು ಬೀಸಿ ನನ್ನ ನೆಲದ ಒಂದು ಹೆಂಟೆ ಹಾರಿಸುತ್ತಾರೆ. ಇಷ್ಟು ಕಲಿಯಲು ಮೂವತ್ತು ವರ್ಷ ವಕೀಲಿಕೆ ಮಾಡಿರಬೇಕು.

ಚಳಿಗಾಲದ ಬಟ್ಟಲು ಅನ್ನುವ ಪಂದ್ಯದ ಕೊನೆಯ ಆಟ ಕಿನ್ಲಾಕರಿಗೂ ಡಾಡ್ ಮಾಲಿಸನ್ನನಿಗೂ ಬಿತ್ತು. ಡಾಡ್‌ಗೆ ಎಪ್ಪತ್ತೇಳು ವರ್ಷ, ರೈಲಿನ ಸಿಗ್ನಲ್ ಮನೆಯಲ್ಲಿ ದುಡಿದು ನಿವೃತ್ತನಾದವನು. ಅವನ ಚಾಪೆ ಹಳೇ ಮೆಟ್ಟಿಲಿನ ಕಾಲೊರಸಿನ ತುಂಡು. ಗಡಿ ಗೊತ್ತಿರುವುದು ಕೊನೆಯ ಸಲ ಕತ್ತರಿಸಿದವಳಿಗೇ ಅಂತ ಸಮಿತಿ ನನ್ನನ್ನೇ ತೀರ್ಪುಗಾರಳಾಗಿ ಕಳಿಸಿತು.

ಮೊದಲ ಹೊಡೆತಕ್ಕೂ ಮುಂಚೆ ಕಿನ್ಲಾಕ್ ಕೈಗವಸು ಹಾಕಿಕೊಳ್ಳುತ್ತ ನನ್ನ ಪಕ್ಕ ಬಂದರು.

“ಸೋಮವಾರ ಸಮಿತಿ ಇದೆಯಲ್ಲ ಇಷ್ಬೆಲ್. ನಿನ್ನ ಕೆಲಸ ಖಾಯಂ ಮಾಡೋ ವಿಷಯ. ನನಗೇನೋ ನಿನ್ನ ಮೇಲೆ ಒಳ್ಳೇ ಅಭಿಪ್ರಾಯ ಇದೆ.”

“ಥ್ಯಾಂಕ್ಸ್, ಕ್ಯಾಪ್ಟನ್.”

“ತಿಳುವಳಿಕಸ್ಥರು ಬೇಕು ನೋಡಮ್ಮ, ಇಂಥ ಕಡೆ.”

ಮೂರು ಚಳಿಗಾಲದಿಂದ ನಾನು ಆರಾರು ತಿಂಗಳ ಕರಾರಿನ ಕಾಗದದ ಮೇಲೆ ದುಡಿಯುತ್ತಿದ್ದೇನೆ. ಇಬ್ಬರು ಹೆಣ್ಣುಮಕ್ಕಳು. ಕಾಗದ ಮುಗಿದ ತಿಂಗಳು ಅವರಿಗೆ ಬೆಳಿಗ್ಗೆಯೂ ಓಟ್ಸ್ ಗಂಜಿ, ರಾತ್ರಿಯೂ ಓಟ್ಸ್ ಗಂಜಿ. ಅದು ಕಿನ್ಲಾಕರಿಗೆ ಗೊತ್ತಿಲ್ಲದೆ ಏನಿರಲಿಲ್ಲ.

ಒಟ್ಟು ಹದಿನೆಂಟು ಗುಳಿಗಳ ಆಟ, ಹೆಚ್ಚು ಗುಳಿ ಗೆದ್ದವರದು ಬಟ್ಟಲು. ಹದಿಮೂರು ಮುಗಿದಾಗ ಇಬ್ಬರೂ ಸಮ. ನಮ್ಮ ಹದಿನಾಲ್ಕನೆಯದೂ ಹದಿನೆಂಟನೆಯದೂ ಅಕ್ಕಪಕ್ಕ. ಎರಡರ ನಡುವೆ ಒಂದೇ ಪಟ್ಟಿ, ಪಟ್ಟಿಯ ಒಳಗೆ ಹಳೇ ಚರಂಡಿಯ ಕಬ್ಬಿಣದ ಮುಚ್ಚಳಗಳ ಒಂದು ಸಾಲು. ಕೊನೆಯ ಸಲ ಯಂತ್ರ ಓಡಿಸಿದಾಗ ಹದಿನೆಂಟರ ಕಡೆಯಿಂದ ಬಂದು ಆ ಮುಚ್ಚಳಗಳ ತನಕ ಕತ್ತರಿಸಿದ್ದೆ. ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ: ಮುಚ್ಚಳದಿಂದ ಹದಿನೆಂಟರ ಕಡೆಗೆಲ್ಲ ಹಾದಿ. ಹದಿನಾಲ್ಕರಲ್ಲಿ ಡಾಡ್‌ನ ಚೆಂಡು ಗಾಳಿಗೆ ಸರಿದು ಮುಚ್ಚಳದಿಂದ ಎರಡು ಹೆಜ್ಜೆ ಆ ಕಡೆಗೇ ಬಿದ್ದಿತ್ತು, ಅರ್ಧ ಹೂತುಕೊಂಡು.

“ಇದು ಹಾದಿಯೋ, ಒರಟೋ, ಇಷ್ಬೆಲ್?” ಅಂದ ಡಾಡ್. ಕಾಲೊರಸಿನ ತುಂಡು ಕೈಯಲ್ಲೇ ಇತ್ತು.

ನಾನು ಬಾಯಿ ತೆರೆಯುವ ಮೊದಲೇ ಕಿನ್ಲಾಕ್ ಅಂದರು, “ಒರಟು ಕಣಯ್ಯ. ಬಿದ್ದ ಹಾಗೇ ಹೊಡೀಬೇಕು. ಏನಮ್ಮ ಇಷ್ಬೆಲ್, ಸರಿ ತಾನೆ?”

ನಾನು ತಲೆ ಆಡಿಸಿದೆ.

ಡಾಡ್ ನನ್ನನ್ನು ಒಂದು ಗಳಿಗೆ ನೋಡಿದ. ತುಂಡನ್ನು ಚೀಲಕ್ಕೆ ತುರುಕಿ ಬೀಸಿದ. ಹೆಂಟೆ ಹಾರಿತು, ಚೆಂಡು ಹತ್ತು ಮಾರು ಉರುಳಿ ನಿಂತಿತು. ಆ ಗುಳಿ ಕಿನ್ಲಾಕರದಾಯಿತು. “ಬ್ಯಾಡ್ ಲಕ್, ಡಾಡ್,” ಅಂತ ಬೆನ್ನು ತಟ್ಟಿದರು. ಕಿತ್ತ ಹೆಂಟೆಯನ್ನು ನಾನು ಮತ್ತೆ ಕೂರಿಸಿ ತುಳಿದೆ. ಆ ಹೊತ್ತು ತಲೆ ಬಗ್ಗಿಸಿಕೊಂಡಿರಲು ಅದೊಂದು ಕೆಲಸ ಸಿಕ್ಕಿದ್ದು ಒಳ್ಳೆಯದೇ ಆಯಿತು.

ಹದಿನೇಳರಲ್ಲಿ ಮುದುಕ ದೂರದಿಂದ ಚೆಂಡು ಉರುಳಿಸಿ ಗುಳಿಗೆ ಹಾಕಿದ. ಮತ್ತೆ ಸಮ. ಹದಿನೆಂಟರಲ್ಲಿ ಕಿನ್ಲಾಕರು ಹೊಡೆದದ್ದು ಎಡಕ್ಕೆ ತಿರುಗಿ ನಡುವಿನ ಪಟ್ಟಿಗೇ ಬಂತು. ಹೋಗಿ ನೋಡಿದರೆ ಡಾಡ್ ಕಿತ್ತ ಹೆಂಟೆಯ ಪಕ್ಕದಲ್ಲೇ, ಒಂದು ಗೇಣು ದೂರ, ಮೊಲ ಕೆದರಿದ ಗುಂಡಿಯಲ್ಲಿ ಚೆಂಡು ಮಲಗಿದೆ.

ಬಂಗಾರದ ಹುರಿ ಇಳಿಯಿತು.

“ಹಾದಿ,” ಅಂದರು ಕಿನ್ಲಾಕ್. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ನಾಚಿಕೆ ಅನ್ನುವುದು ಅವರ ಮನೆತನದಲ್ಲಿ ಯಾರಿಗೂ ಇಲ್ಲದ ಕಾಯಿಲೆ.

ನಾನು ಒಂದು ಹೆಜ್ಜೆ ಮುಂದೆ ಬಂದೆ. ಅದು ಧೈರ್ಯವಲ್ಲ. ನನ್ನದೇ ಸುಳ್ಳು ಈಗ ಚಾಕುವಿನಂತೆ ಕೈಗೆ ಸಿಕ್ಕಿತ್ತು, ಅಷ್ಟೆ.

“ಒರಟು, ಕ್ಯಾಪ್ಟನ್,” ಅಂದೆ. “ಬಿದ್ದ ಹಾಗೇ ಹೊಡೀಬೇಕು. ಹದಿನಾಲ್ಕರಲ್ಲಿ ನೀವೇ ಹೇಳಿದ್ರಲ್ಲ. ಅಗೋ ಡಾಡ್‌ನ ಹೆಂಟೆ.”

ಅವರ ಕಿವಿ ಕೆಂಪಾಯಿತು. ಹಾದಿ ಅಂತ ವಾದಿಸಿದರೆ ಹದಿನಾಲ್ಕರಲ್ಲಿ ಸುಳ್ಳು ಹೇಳಿದ ಹಾಗೆ. ಒರಟು ಅಂತ ಒಪ್ಪಿದರೆ ಗುಂಡಿಯಿಂದ ಹೊಡೆಯಬೇಕು. ಹುರಿ ಹಿಡಿದುಕೊಂಡು ನಿಂತರು, ಹಾವಿಲ್ಲದ ಹಾವಾಡಿಗನ ಹಾಗೆ. ಆ ಅರ್ಧ ನಿಮಿಷ ನನಗೆ ಅಮೃತ.

“ಚಾಪೆ ಹಾಕ್ಕೊಳ್ಳಪ್ಪ,” ಅಂದ ಡಾಡ್.

“ಏನು?” ಅಂದೆವು ಇಬ್ಬರೂ.

“ಮುಚ್ಚಳದಿಂದ ಈಚೆಗೆಲ್ಲ ಹಾದಿ. ನಮ್ಮಪ್ಪ ಇಲ್ಲಿ ಆಡ್ತಿದ್ದಾಗಿಂದ್ಲೂ ಹಾದಿ. ಹಾಕ್ಕೋ, ಚಳಿ ಆಗ್ತಿದೆ.”

ಕಿನ್ಲಾಕ್ ಎರಡನೇ ಸಲ ಹೇಳಿಸಿಕೊಳ್ಳಲಿಲ್ಲ. ಚಾಪೆ ಹಾಸಿ, ಅದರ ಎತ್ತರದ ಅಂಚು ಹುಡುಕಿ ಚೆಂಡಿಟ್ಟು, ಚೆನ್ನಾಗಿಯೇ ಹೊಡೆದರು. ಬಟ್ಟಲು ಗೆದ್ದರು. “ದೊಡ್ಡ ಮನುಷ್ಯ ನೀನು ಡಾಡ್,” ಅಂದು ಸೂಪು ಕುಡಿಯಲು ಒಳಗೆ ಹೋದರು.

ನಾನು ಡಾಡ್‌ನ ಚೀಲ ಕಾರಿಗೆ ಇಡಲು ಹೋದೆ.

“ಗೊತ್ತಿದ್ರೆ ಹದಿನಾಲ್ಕರಲ್ಲಿ ಯಾಕೆ ಹೇಳ್ಲಿಲ್ಲ ನೀನು?” ಅಂದೆ. ತಪ್ಪು ಅವನದೇ ಅನ್ನುವ ಹಾಗೆ.

“ಅದು ನನ್ನ ಚೆಂಡು ಕಣೇ. ನನಗೆ ಲಾಭ ಆಗೋದನ್ನ ನಾನೇ ತೀರ್ಪು ಕೊಟ್ಕೋಳ್ಲಾ? ತೀರ್ಪು ನಿಂದು. ಕೇಳ್ದೆ. ನೀನು ತಲೆ ಆಡಿಸ್ದೆ.” ಕಾರಿನ ಬಾಗಿಲು ಎಳೆದುಕೊಂಡ. “ಇವತ್ತು ಎರಡು ಸಲ ತೀರ್ಪು ಕೊಟ್ಟೆ. ಒಂದು ಅವನಿಗೋಸ್ಕರ, ಒಂದು ನಿನಗೋಸ್ಕರ. ನೆಲಕ್ಕೋಸ್ಕರ ಒಂದೂ ಕೊಡ್ಲಿಲ್ಲ.”

ಸೋಮವಾರ ಕಿನ್ಲಾಕ್ ನಗುತ್ತ ಖಾಯಂ ಕೆಲಸದ ಕಾಗದ ಮುಂದೆ ಸರಿಸಿದರು. “ಕೊನೇಲಿ ನೀನು ಸ್ವಲ್ಪ ಗಲಿಬಿಲಿಗೊಂಡೆ. ಪರವಾಗಿಲ್ಲ, ಚಳಿ ಇತ್ತು.” ನನ್ನ ತಲೆಯಾಟ ಅವರ ಜೇಬಿನಲ್ಲಿ ಭದ್ರವಾಗಿತ್ತು, ಅಂಥವಳನ್ನು ಬಿಡುವುದಕ್ಕಿಂತ ಇಟ್ಟುಕೊಳ್ಳುವುದೇ ಕ್ಷೇಮ. ನಾನು ಸಹಿ ಹಾಕಿದೆ. ಹಾಕದೆ ಇರಬಹುದಿತ್ತು ಅಂತ ಹೇಳುವವರು ಬಂದು ನನ್ನ ಮಕ್ಕಳಿಗೆ ಗಂಜಿ ಬಡಿಸಲಿ.

ಮಂಗಳವಾರ ಬೆಳಕು ಹರಿಯುತ್ತಲೇ ಬಿಳಿ ಬಣ್ಣದ ಡಬ್ಬ ತೆಗೆದುಕೊಂಡು ಹೋದೆ. ಮುಚ್ಚಳಗಳ ಉದ್ದಕ್ಕೂ ಗೆರೆ ಎಳೆದೆ. ಆಮೇಲೆ ಹದಿನೆಂಟೂ ಹಾದಿಗಳ ಎರಡೂ ಅಂಚಿಗೆ, ನಾನು ನಿಜವಾಗಿ ಕತ್ತರಿಸಿದ್ದೆಲ್ಲಿಯೋ ಅಲ್ಲಿಗೇ ಎಳೆದೆ. ಮೂರು ದಿನ ಹಿಡಿಯಿತು. ಡಾಡ್‌ನ ಹೆಂಟೆಯ ಗಾಯ ಗೆರೆಯಿಂದ ಎರಡು ಹೆಜ್ಜೆ ಹಾದಿಯ ಒಳಗೆ ಬಂತು, ಯಾರು ಬೇಕಾದರೂ ನೋಡಬಹುದು. ನೋಡಿದವರಿಗೆ, ಕೇಳಿದವರಿಗೆ, ಹದಿನಾಲ್ಕರಲ್ಲಿ ನಾನು ಸುಳ್ಳು ತೀರ್ಪು ಕೊಟ್ಟೆ ಅಂತಲೇ ಹೇಳಿದೆ. ಕಿನ್ಲಾಕರ ಜೇಬಿನಲ್ಲಿ ಈಗ ಏನೂ ಉಳಿದಿಲ್ಲ.

ಶನಿವಾರ ಅವರು ಆಡಲು ಬಂದರು. ಆರನೆಯದರಲ್ಲಿ ಅವರ ಚೆಂಡು ಗೆರೆಯಿಂದ ಒಂದು ಮೊಳ ಹೊರಗೆ ಗುಂಡಿಯಲ್ಲಿ ಕೂತಿತ್ತು. ಅಭ್ಯಾಸಬಲದಿಂದ ಹುರಿ ಇಳಿಬಿಟ್ಟರು. ಚಾಪೆ ನೆಲಕ್ಕೆ ಇನ್ನೊಂದು ಗೇಣು ಇರುವಾಗ ಬಿಳಿ ಗೆರೆ ಕಣ್ಣಿಗೆ ಬಿತ್ತು. ಗೆರೆ ನೋಡಿದರು, ಪಕ್ಕದಲ್ಲೇ ಮರಳು ತುಂಬುತ್ತಿದ್ದ ನನ್ನನ್ನು ನೋಡಿದರು. ನಾನು ಈ ಸಲ ತಲೆ ಆಡಿಸಲಿಲ್ಲ. ಗಾಳಿಗೆ ಚಾಪೆ ಒಂದು ಸುತ್ತು ತಿರುಗಿತು. ಆಮೇಲೆ ಕೈ ಮೇಲೆ ಕೈ ಹಾಕಿ, ಬಾವಿಯಿಂದ ಖಾಲಿ ಕೊಡ ಸೇದುವ ಹಾಗೆ, ಮೇಲಕ್ಕೆ ಎಳೆದುಕೊಂಡರು.