ನನ್ನ ಬೆನ್ನಿನ ಕಾಡಿಗೆ ಬೊಟ್ಟು

ನಾನೊಂದು ಸೌರ ಕಾರು. ಕಾರು ಎಂದೊಡನೆ ಮದುವೆಗೆ ಬಾಡಿಗೆ ತರುವ ಹೊಳೆಯುವ ಗಾಡಿಯನ್ನು ನೆನೆಯಬೇಡಿ. ನನಗೆ ಬಾಗಿಲಿಲ್ಲ. ಮೂರೇ ಗಾಲಿ, ಒಬ್ಬರು ಮುದುಡಿ ಕೂರುವಷ್ಟು ಸೀಟು. ಹುಬ್ಬಳ್ಳಿಯ ಒಂದು ಇಂಜಿನಿಯರಿಂಗ್ ಕಾಲೇಜಿನ ವರ್ಕ್‌ಶಾಪಿನಲ್ಲಿ ನನ್ನ ಜನನವಾಯಿತು. ಮೈ ಕಬ್ಬಿಣದ ಪೈಪಿನದು, ಗಾಲಿಗಳು ಸೈಕಲ್ಲಿನವು, ಮೋಟಾರು ಗುಜರಿ ಸೇರಿದ್ದ ಯಾವುದೋ ಬ್ಯಾಟರಿ ಸ್ಕೂಟರಿನದು. ಹೀಗೆ ಕಂಡಕಂಡವರ ಅಂಗಾಂಗ ಕೂಡಿಸಿ ಮಾಡಿದ ಜೀವ ನಾನು. ಆದರೆ ನನ್ನ ಬೆನ್ನು ಮಾತ್ರ ಯಾರಿಂದಲೂ ಎರವಲು ತಂದದ್ದಲ್ಲ. ಅಲ್ಲಿರುವ ಪ್ಯಾನಲ್ಲಿನ ಒಂದೊಂದು ಸೆಲ್ಲನ್ನೂ ಶಿವಲೀಲಾ ಕೈಯಾರೆ ಬೆಸೆದಳು.

ಶಿವಲೀಲಾ ಕುಂದಗೋಳದ ಹುಡುಗಿ, ಕೊನೆಯ ವರ್ಷದಲ್ಲಿ ಓದುತ್ತಿದ್ದಳು. ಅವಳ ಅವ್ವ ಗಂಗವ್ವನಿಗೆ ಊರಲ್ಲಿ ಬಳೆ ಅಂಗಡಿ. ಸೆಲ್ಲುಗಳೆಂದರೆ ಹಪ್ಪಳವಿದ್ದಂತೆ, ಒತ್ತಿ ಹಿಡಿದರೆ ಚಟ್ಟೆಂದು ಮುರಿಯುತ್ತವೆ. ಹಾಗಾಗಿ ಫ್ಯಾನು ಕೂಡ ಆರಿಸಿ, ಬೆವರು ಒರೆಸಿಕೊಳ್ಳುತ್ತ ಕೂತು ಬೆಸೆಯುತ್ತಿದ್ದಳು ಪುಣ್ಯಾತ್ಗಿತ್ತಿ. ಇಷ್ಟಕ್ಕೆಲ್ಲ ಅವಳು ಕೇಳಿದ್ದು ಒಂದೇ: ರೇಸಿನ ದಿನ ನನ್ನನ್ನು ಓಡಿಸಬೇಕು. ತಂಡದ ನಾಯಕ ಗುರುಶಾಂತ ಒಪ್ಪಿದ್ದ. ಅವಳ ಮೈ ಹಗುರ, ಸ್ಟಿಯರಿಂಗ್ ಹಿಡಿಯುವ ಕೈ ಹದವಾದದ್ದು. ಮುಂದಿನ ವರ್ಷ ಅವಳು ಕಾಲೇಜಿನಲ್ಲೇ ಇರುವುದಿಲ್ಲವಾದ್ದರಿಂದ ಓಡಿಸಿದರೆ ಈ ರೇಸಿನಲ್ಲೇ ಓಡಿಸಬೇಕಿತ್ತು. ಊರಿಗೆ ಫೋನು ಮಾಡಿದಾಗಲೆಲ್ಲ ಅದೇ ಮಾತು.

ಗುರುಶಾಂತ ಕೆಟ್ಟವನಲ್ಲ, ಬಾಯಿ ಜೋರು ಅಷ್ಟೇ. ಒಂದು ನಟ್ಟು ಬಿಗಿಯುವುದಕ್ಕೂ ನಾಲ್ಕು ಮಾತು ಬೇಕು ಅವನಿಗೆ. ಮಹಾನವಮಿಯ ಆಯುಧ ಪೂಜೆಗೆ ನನ್ನನ್ನು ತೊಳೆದು ನಿಲ್ಲಿಸಿದಾಗ ಅವನು ಎಲ್ಲರಿಗೂ ಕಟ್ಟಪ್ಪಣೆ ಮಾಡಿದ: "ಹೂವು, ಕುಂಕುಮ ಏನಿದ್ರೂ ಗಾಲಿಗೆ ಹಚ್ಚರಿ. ಪ್ಯಾನಲ್ ಮುಟ್ಟಿದ್ರ ಕೈ ಮುರೀತೀನಿ ನೋಡ್ರಿ!"

ಅವತ್ತು ಗಂಗವ್ವ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿ ಬಂದಿದ್ದಳು. ಎಲ್ಲರೂ ನನ್ನನ್ನು ಹೊಗಳಿದ್ದೇ ಹೊಗಳಿದ್ದು. ನಾನೂ ಉಬ್ಬಿಹೋಗಿದ್ದೆ, ಸುಳ್ಳೇಕೆ ಹೇಳಲಿ? ಹುಡುಗರು ಪ್ರಸಾದಕ್ಕೆಂದು ಆ ಕಡೆ ಹೋದಾಗ ಗಂಗವ್ವ ಹತ್ತಿರ ಬಂದು ಮೆಲ್ಲಗೆ ನನ್ನ ಮೈ ಸವರಿದಳು. "ನನ್ನ ಮಗಳನ್ನ ಹೊತ್ತು ಓಡಾಕಿ ನೀನು. ಎಷ್ಟು ಮಂದಿ ಕಣ್ಣು ನಿನ್ನ ಮ್ಯಾಲೆ! ನದರ ಆಗಬಾರದವ್ವ" ಎನ್ನುತ್ತ ಚೀಲದಿಂದ ಡಬ್ಬಿ ತೆಗೆದಳು. ಹರಳೆಣ್ಣೆಯಲ್ಲಿ ಕಲಸಿದ ಮನೆಯ ಕಾಡಿಗೆ. ಕೂಸುಗಳಿಗೆ ಯಾರಿಗೂ ಕಾಣದ ಕಡೆ ಬೊಟ್ಟಿಡುತ್ತಾರಲ್ಲ, ಹಾಗೆ ಪ್ಯಾನಲ್ಲಿನ ಹಿಂದಿನ ಅಂಚಿನ ಒಂದು ಸೆಲ್ಲಿನ ಮೇಲೆ ದಪ್ಪಗೆ ಹಚ್ಚಿದಳು. ಅದುವರೆಗೆ ನನ್ನನ್ನು ಯಾರೂ ಹಾಗೆ ಮಾತಾಡಿಸಿರಲಿಲ್ಲ.

ಮರುದಿನ ಬಿಸಿಲಿಗೆ ಕಾಡಿಗೆ ಕರಗಿ ಇಡೀ ಸೆಲ್ಲಿಗೆ ಹರಡಿತು. ಕರಿ ಸೆಲ್ಲಿನ ಮೇಲೆ ಕರಿ ಕಾಡಿಗೆ ಯಾರಿಗೆ ಕಾಣಬೇಕು? ನನ್ನ ಬೆನ್ನಿನ ಸೆಲ್ಲುಗಳು ಸಾಲಾಗಿ ನಿಂತು ಕೊಡ ದಾಟಿಸುವ ಮಂದಿಯ ಹಾಗೆ. ಒಬ್ಬನ ಕೈ ಸೋತರೆ ಸಾಲೇ ನಿಧಾನವಾಗುತ್ತದೆ. ಸಾಲು ನಿಧಾನವಾಯಿತು, ಸಣ್ಣ ಏರಿಗೂ ನನಗೆ ಏದುಸಿರು ಬಂತು. ವೈರು ನೋಡಿದರು, ಮೋಟಾರು ಬಿಚ್ಚಿದರು. ಕೊನೆಗೆ ಗುರುಶಾಂತ ಶಿವಲೀಲಾಳ ಕಡೆ ತಿರುಗಿದ.

"ಪ್ಯಾನಲ್ಲಿಂದ ಕರೆಂಟ್ ಅರ್ಧಾನೂ ಬರವಲ್ದು. ನಿನ್ನ ಸೋಲ್ಡರಿಂಗ್ ಎಲ್ಲೋ ಬಿಟ್ಟೈತಿ. ಕಿತ್ತು ಬ್ಯಾರೇದು ಹಾಕೂಣು."

"ನನ್ನ ಸೋಲ್ಡರಿಂಗ್ ಬಿಡೂದಿಲ್ಲ. ನಾಳಿ ತನಕಾ ಮುಟ್ಟಬ್ಯಾಡ್ರಿ" ಎಂದಳು ಶಿವಲೀಲಾ.

ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರಂತೆ. ನನಗೆ ಬಾಯಿ ಎಲ್ಲಿತ್ತು? ಬೆನ್ನು ತೋರಿಸಿಕೊಂಡು ಸುಮ್ಮನೆ ನಿಂತಿದ್ದೆ.

ಮರುದಿನ ಉರಿಬಿಸಿಲಲ್ಲಿ ಅವಳೊಬ್ಬಳೇ ಮೀಟರು ಹಿಡಿದು ಬಂದಳು. ರಟ್ಟಿನ ತುಂಡಿನಿಂದ ಒಂದೊಂದೇ ಸೆಲ್ಲನ್ನು ಮುಚ್ಚಿ ನೋಡಿದಳು. ಒಳ್ಳೆಯ ಸೆಲ್ಲು ಮುಚ್ಚಿದರೆ ಮೀಟರಿನ ಅಂಕಿ ಬೀಳಬೇಕು. ಒಂದು ಕಡೆ ಮುಚ್ಚಿದರೂ ಅಂಕಿ ಅಲ್ಲಾಡಲಿಲ್ಲ. ಅಲ್ಲಿ ಬೆರಳಿಟ್ಟಳು, ಬೆರಳು ಕರ್ರಗಾಯಿತು. ಮೂಗಿಗೆ ಹಿಡಿದಳು. ತನ್ನ ಮನೆಯ ಕಾಡಿಗೆಯ ವಾಸನೆ ಯಾವ ಮಗಳಿಗೆ ತಿಳಿಯುವುದಿಲ್ಲ? ಮೊದಲು ಕಿಸಕ್ಕೆಂದು ನಕ್ಕಳು. ಆಮೇಲೆ ಮುಖ ಸಣ್ಣಗೆ ಮಾಡಿಕೊಂಡು ನನ್ನ ನೆರಳಲ್ಲೇ ಕುಕ್ಕರಿಸಿದಳು. ಒರೆಸಿ ಸುಮ್ಮನಿದ್ದರೆ ಅವಳ ಬೆಸುಗೆಯ ಮೇಲಿನ ಮಾತು ಹಾಗೇ ಉಳಿಯುತ್ತಿತ್ತು. ಇದ್ದದ್ದನ್ನು ಹೇಳಿದರೆ ಇಡೀ ತಂಡ ಅವ್ವನನ್ನು ಆಡಿಕೊಂಡು ನಗುತ್ತಿತ್ತು.

ಎಲ್ಲರೂ ಬಂದ ಮೇಲೆ ಸೆಲ್ಲು ಒರೆಸಿದಳು. ಮೀಟರು ಜಿಗಿಯಿತು.

"ಯಾರು ಹಚ್ಚಿದ್ದು ಇದನ್ನ?" ಗುರುಶಾಂತ ಗುಡುಗಿದ.

"ನಾನ" ಎಂದಳು. "ನದರ ಆಗಬಾರದಂತ ಹಚ್ಚಿದ್ದೆ."

ನಗು ವರ್ಕ್‌ಶಾಪಿನ ತಗಡು ಹಾರಿಸುವಂತಿತ್ತು. ಗುರುಶಾಂತ ಮಾತ್ರ ನಗಲಿಲ್ಲ. "ಇಂಜಿನಿಯರ್ ಆಗಾಕ ಬಂದಾಕಿ ಪ್ಯಾನಲ್ಲಿಗೆ ಕಾಡಿಗಿ ಹಚ್ತಾಳಂತ! ನಾಳಿ ರೇಸಿನ್ಯಾಗ ಇನ್ನೇನು ಮಾಡ್ತೀಯೋ. ಗಾಡಿ ನಾ ಓಡಸ್ತೀನಿ, ನೀ ಕೆಳಗಿರು."

ಅವಳು ಒರೆಸಿದ ಬಟ್ಟೆ ಮಡಚತೊಡಗಿದಳು. ಅಯ್ಯೋ, ಆಗ ನನಗೆ ಒಂದೇ ಒಂದು ಹಾರ್ನ್ ಇದ್ದಿದ್ದರೂ ಊರು ಒಂದಾಗುವಂತೆ ಕೂಗುತ್ತಿದ್ದೆ.

ರೇಸು ಊರ ಹೊರಗಿನ ಮೈದಾನದಲ್ಲಿ ನಡೆಯಿತು. ಗಂಗವ್ವ ಮಜ್ಜಿಗೆ ಬಾಟಲಿ ಹಿಡಿದು ಬೆಳಗ್ಗೆಯೇ ಬಂದಿದ್ದಳು. ನನ್ನೊಳಗೆ ಗುರುಶಾಂತ ಕೂತಿದ್ದನ್ನು ಕಂಡು, "ಯಾಕವ್ವ, ನೀ ಹತ್ತಲಿಲ್ಲ?" ಎಂದಳು.

"ಹೊಟ್ಟಿ ಸರಿ ಇಲ್ಲಬೇ" ಎಂದಳು ಮಗಳು, ಬೇರೆ ಕಡೆ ನೋಡುತ್ತ.

ಗುರುಶಾಂತ ಭಾರದ ಆಸಾಮಿ. ಆದರೂ ಉಸಿರು ಬಿಗಿಹಿಡಿದು ಓಡಿದೆ. ಅರ್ಧ ರೇಸಿಗೆ ಹಿಂದಿನ ಗಾಲಿಯ ಗಾಳಿ ಇಳಿಯಿತು. ನನ್ನನ್ನು ಬದಿಗೆ ತಂದರು. ಗುರುಶಾಂತ ಕೆಳಗಿಳಿದು ಹೆಲ್ಮೆಟ್ ತೆಗೆದ, ಶಿವಲೀಲಾ ಪಂಪು ಹಿಡಿದು ಗಾಳಿ ಹಾಕತೊಡಗಿದಳು. ಗಂಗವ್ವ ಅವನಿಗೆ ಮಜ್ಜಿಗೆ ಕೊಟ್ಟು ದನಿ ತಗ್ಗಿಸಿದಳು.

"ಹೆದರಬ್ಯಾಡ ತಮ್ಮಾ, ಗಾಡಿಗೆ ಏನೂ ಆಗೂದಿಲ್ಲ. ಪೂಜಿ ದಿನ ನಾನ ಕಾಡಿಗಿ ಹಚ್ಚೇನಿ. ನನ್ನ ಮಗಳಿಗೂ ಹೇಳಿಲ್ಲ, ನಿನಗಷ್ಟ ಹೇಳಾಕತ್ತೇನಿ."

ಪಂಪು ನಿಂತಿತು. ಶಿವಲೀಲಾ ತಲೆ ಎತ್ತಿ ಅವನನ್ನು ನೋಡಿದಳು. ಬೇಡ, ಹೇಳಬೇಡ ಎಂದು ಕಣ್ಣಲ್ಲೇ ಕೇಳಿಕೊಂಡಳು. ನಾಲ್ಕು ಮಾತಿಲ್ಲದೆ ನಟ್ಟು ಬಿಗಿಯದ ಗುರುಶಾಂತ ಮಜ್ಜಿಗೆ ಅಷ್ಟನ್ನೂ ಕುಡಿದು ಮುಗಿಸಿ ಒಂದೇ ಮಾತು ಹೇಳಿದ: "ಅದಕ್ಕ ನೋಡ್ರಿ ಅವ್ವಾರ, ಗಾಡಿ ಹಿಂಗ ಓಡಾಕತ್ತೈತಿ."

ಆಮೇಲೆ ಹೆಲ್ಮೆಟ್ಟನ್ನು ಶಿವಲೀಲಾಳ ಕೈಗಿಟ್ಟ. "ಹೊಟ್ಟಿ ಸರಿ ಆತಲ್ಲ? ಹತ್ತು."

ಆ ಉಳಿದರ್ಧ ಓಟದ ಸುಖ ನನ್ನ ಜನ್ಮಕ್ಕಾಗುವಷ್ಟಿದೆ. ಬಹುಮಾನ ಬರಲಿಲ್ಲ, ಬಿಡಿ. ಪ್ರತಿ ಸುತ್ತಿಗೂ ಗಂಗವ್ವ ಬೇಲಿಯಾಚೆಯಿಂದ "ನಮ್ಮಾಕಿ! ನಮ್ಮಾಕಿ!" ಎಂದು ಕೂಗುತ್ತಿದ್ದಳು. ಕೂಗಿದ್ದು ನನಗೋ ಶಿವಲೀಲಾಳಿಗೋ ತಿಳಿಯಲಿಲ್ಲ, ಇಬ್ಬರೂ ಪಾಲು ಮಾಡಿಕೊಂಡೆವು.

ಬಳಿಕ ಬಂದ ಹುಡುಗರು ಹೊಸ ಕಾರು ಕಟ್ಟಿದರು. ನನ್ನ ಮೋಟಾರು ಅದಕ್ಕೆ ಹೋಯಿತು, ಮುಂದಿನ ಗಾಲಿಗಳು ಇನ್ನೆಲ್ಲಿಗೋ. ಈಗ ವರ್ಕ್‌ಶಾಪಿನ ಮೂಲೆಯಲ್ಲಿ ಇಟ್ಟಿಗೆಗಳ ಮೇಲೆ ಕೂತಿದ್ದೇನೆ. ದುಃಖವೇನಿಲ್ಲ, ಎರವಲು ತಂದದ್ದನ್ನು ಎಂದಾದರೂ ಹಿಂದಿರುಗಿಸಲೇಬೇಕಲ್ಲ. ಮೊನ್ನೆ ಘಟಿಕೋತ್ಸವಕ್ಕೆ ಬಂದಿದ್ದ ಶಿವಲೀಲಾ, ಗುರುಶಾಂತ ಇಬ್ಬರೂ ಇಲ್ಲೇ ನಿಂತು ಮಾತಾಡಿದರು. ಕುಂದಗೋಳದಲ್ಲಿ ಬಳೆ ಇಡಿಸಿಕೊಳ್ಳಲು ಬಂದವರಿಗೆಲ್ಲ ಗಂಗವ್ವ, ಮಗಳ ಕಾರು ಓಡಿದ್ದೇ ತನ್ನ ಕಾಡಿಗೆಯಿಂದ ಎಂದು ಹೇಳುತ್ತಾಳಂತೆ. ಇಬ್ಬರೂ ಅವಳಿಗೆ ಇನ್ನೂ ಏನೂ ಹೇಳಿಲ್ಲ.

ಈಗ ನಿಮಗೂ ವಿಷಯ ಗೊತ್ತಾಯಿತು. ಆ ಕಡೆ ಹೋದರೆ ಕೈ ನೀಡಿ ಬಳೆ ಇಡಿಸಿಕೊಳ್ಳಿ. ಅವಳು ಹೇಳಿದ್ದಕ್ಕೆ ಹೂಂ ಎನ್ನಿ. ಇಂಜಿನಿಯರಿಂಗ್ ಓದಿದವರಾದರೆ ಇನ್ನಷ್ಟು ಜೋರಾಗಿ ಹೂಂ ಎನ್ನಿ.