ಒಂದನೇ ನಂಬರ್

"ಒಂದನೇ ನಂಬರ್" ಎಂದಿತು ಯಂತ್ರ.

ಬೆಳ್ಳಟ್ಟಿಯಿಂದ ಮೆಣಸಿನಕಾಯಿ ತಂದಿದ್ದ ಹನಮವ್ವ ಇನ್ನೂ ಗಂಟನ್ನು ಪೂರ್ತಿ ಬಿಚ್ಚಿರಲಿಲ್ಲ. ಹಳೆಯ ಇಳಕಲ್ ಸೀರೆಯ ಕೆಂಪು ಸೆರಗು ಮಾತ್ರ ಸಡಿಲಾಗಿ, ಒಳಗಿಂದ ನಾಲ್ಕು ಒಣಮೆಣಸಿನಕಾಯಿ ಇಣುಕುತ್ತಿದ್ದವು. ಬೇರೆ ಯಾರ ಮಾಲಾದರೂ ಈ ಕ್ಯಾಮೆರಾ ಮೂರು ಉಸಿರಿನಷ್ಟು ಹೊತ್ತು ಸುಮ್ಮನೆ ನೋಡಿ ಆಮೇಲೆ ಬಾಯಿ ಬಿಡುತ್ತಿತ್ತು. ಯಂತ್ರದ ಮುಂದೆ ಕೂತಿದ್ದ ವಾಣಿಶ್ರೀ ಬಗ್ಗಿ ಕಾಯಿ ನೋಡಿದಳು. ಬಣ್ಣ ಮಾಸಿ, ತೊಟ್ಟಿನ ಹತ್ತಿರ ಬಿಳಿಚಿಕೊಂಡಿತ್ತು. ಅಂದಾನಪ್ಪನ ಮಗಳಿಗೆ ಅಷ್ಟು ಗೊತ್ತಾಗದೇ ಇರುತ್ತದೆಯೇ? ಅದು ತೀರ ಕಳಪೆ, ಮೂರನೇ ನಂಬರಿನ ಮಾಲು.

ಲಕ್ಷ್ಮೇಶ್ವರದ ಮಾರುಕಟ್ಟೆಯಲ್ಲಿ ಅಂದಾನಪ್ಪ ಮೂವತ್ತು ವರ್ಷ ಮೆಣಸಿನಕಾಯಿಗೆ ನಂಬರು ಹೇಳಿದವನು. ರಾಶಿಯಿಂದ ಒಂದು ಕಾಯಿ ಎತ್ತಿ, ಕಿವಿಯ ಬಳಿ ಅಲುಗಿಸಿ ಬೀಜದ ಸದ್ದು ಕೇಳಿ, ಮುರಿದು ಮೂಸಿ ಒಂದು ಮಾತು ಹೇಳಿದರೆ ಮುಗಿಯಿತು; ಕೊಳ್ಳುವವನೂ ಮಾರುವವನೂ ಮರುಮಾತಾಡುತ್ತಿರಲಿಲ್ಲ. ಸಾಯುವ ಹಿಂದಿನ ವರ್ಷ ಹುಬ್ಬಳ್ಳಿಯಿಂದ ಒಂದು ಕಂಪನಿಯವರು ಬಂದು, ನಿಮ್ಮ ಕಣ್ಣಿನ ವಿದ್ಯೆಯನ್ನು ನಮ್ಮ ಯಂತ್ರಕ್ಕೆ ಕಲಿಸಿ ಎಂದರು. ಒಂದು ಸುಗ್ಗಿ ಅವನು ನಂಬರು ಹೇಳಿದ, ಅವರು ಚಿತ್ರ ತೆಗೆದರು. ಒಂದು ಸುಗ್ಗಿಯ ಸಂಬಳವನ್ನೂ ಕೊಟ್ಟರು. ಈಗ ಅವನ ಕಣ್ಣು ಗದಗ, ಮುಂಡರಗಿ, ಶಿರಹಟ್ಟಿ ಸೇರಿ ಹದಿನಾಲ್ಕು ಕಡೆ ಏಕಕಾಲಕ್ಕೆ ಕೂತಿದೆ. ಅದಕ್ಕೆ ಊಟ ಬೇಡ, ಚಹಾ ಬೇಡ. ಎಲ್ಲೋ ಇರುವ ಖರೀದಿದಾರ ಮೊಬೈಲಿನಲ್ಲಿ ಆ ನಂಬರು ನೋಡಿಯೇ ಮಾಲು ಎತ್ತುತ್ತಾನೆ.

ಸತ್ತವನನ್ನೂ ದುಡಿಸುವ ಈ ಜನರನ್ನು ವಾಣಿಶ್ರೀ ಮೊದಮೊದಲು ಮನಸ್ಸಿನಲ್ಲೇ ಬೈದಿದ್ದಳು. ಅದೇ ಕಂಪನಿಯಲ್ಲಿ ಯಂತ್ರದ ಮುಂದೆ ಕೂರುವ ಕೆಲಸ ಸಿಕ್ಕಾಗ ಬೈಗುಳ ನುಂಗಿಕೊಂಡು ಸೇರಿದಳು. ದಿನವಿಡೀ ಅಪ್ಪನ ಪಕ್ಕ ಕೂತಂತೆ ಆಗುತ್ತಿತ್ತು ಎಂಬುದೂ ಸುಳ್ಳಲ್ಲ.

ಬೆಳಿಗ್ಗೆ ಕಂಪನಿಯ ಎಂಜಿನಿಯರ್ ಸೋಮೇಶ ಫೋನ್ ಮಾಡಿದ್ದ. "ಮೇಡಂ, ನಿಮ್ಮ ಕೇಂದ್ರದ ಮಾಲು ಎರಡು ಸಲ ತಿರುಗಿ ಬಂತ್ರಿ. ಒಂದನೇ ನಂಬರ ಅಂತ ಹೇಳಿ ಮೂರನೇದು ಕಳಿಸೇತಿ ಯಂತ್ರ. ಸಂಜಿಯೊಳಗ ತಪ್ಪು ಎಲ್ಲೈತಿ ಹುಡುಕ್ರಿ. ಸಿಗಲಿಲ್ಲಂದ್ರ ನಿಮ್ಮ ತಂದೆಯವರು ಕಲಿಸಿದ್ದು ಅಷ್ಟೂ ಅಳಿಸಿ, ಬ್ಯಾರೆಯವರ ಕಡಿಂದ ಹೊಸದಾಗಿ ಕಲಿಸೂದಂತ ಮ್ಯಾಲಿನವರು ಅಂದಾರ."

ಅಪ್ಪ ಎರಡನೆಯ ಸಲ ಸಾಯುವುದು ಅಂದರೆ ಇದೇ ಏನೋ.

"ದೊಡ್ಡವ್ವ, ಒಂಚೂರು ತಡೀರಿ" ಎಂದು ಅವಳು ಹನಮವ್ವನ ಕಾಯಿಗಳನ್ನು ಕಂಪನಿಯ ಬಿಳಿ ತಟ್ಟೆಗೆ ಸುರಿದಳು. ಮೂರು ಉಸಿರು. "ಮೂರನೇ ನಂಬರ್." ಮತ್ತೆ ಸೀರೆಯ ಮೇಲೆ ಹಾಕಿದಳು. ಕೈ ಹಿಂದೆಗೆಯುವ ಮೊದಲೇ, "ಒಂದನೇ ನಂಬರ್." ತಟ್ಟೆಯನ್ನು ಬರಿದು ಮಾಡಿ ಇಟ್ಟಳು. "ಮಾಲು ಕಾಣುತ್ತಿಲ್ಲ. ಮತ್ತೊಮ್ಮೆ ಇಡಿ" ಎಂದಿತು, ಖಾಲಿ ತಟ್ಟೆಗೆ ಯಾವಾಗಲೂ ಅನ್ನುವ ಹಾಗೆ.

ಕೊನೆಗೆ ಸೀರೆಯನ್ನು ಝಾಡಿಸಿ, ಒಂದು ಬೀಜವೂ ಇಲ್ಲದಂತೆ ಕೊಡವಿ, ಬರೀ ಸೀರೆಯನ್ನೇ ಕ್ಯಾಮೆರಾದ ಕೆಳಗೆ ಹಾಸಿದಳು.

"ಒಂದನೇ ನಂಬರ್."

ಹೊರಗೆ ಮಟಮಟ ಮಧ್ಯಾಹ್ನ, ಹಮಾಲರು ಚೀಲ ಹೊರುತ್ತ ಕೆಮ್ಮುತ್ತಿದ್ದರು. ಆದರೂ ವಾಣಿಶ್ರೀಯ ತೋಳಿನ ಮೇಲೆ ಮುಳ್ಳೆದ್ದವು.

"ಯವ್ವಾ, ಕಾಯೀನ ಇಲ್ಲ, ಏನ್ ನೋಡಾಕತ್ತೈತಿ ಅದು?" ಹನಮವ್ವ ಒಂದು ಹೆಜ್ಜೆ ಹಿಂದೆ ಸರಿದಳು.

"ಈ ಸೀರಿ ಎಲ್ಲೀದು ದೊಡ್ಡವ್ವ?"

ಹನಮವ್ವ ಸೀರೆಯ ಹರಿದ ಅಂಚನ್ನು ಒಳಗೆ ಮಡಚಿದಳು. "ನಿಮ್ಮವ್ವಂದು. ನೀಲಗಂಗವ್ವ ಬಾಣಂತನದಾಗ ತೀರಿಕೊಂಡ್ಲಲ್ಲ, ನಿನಗ ಆರು ತಿಂಗಳು ಹಾಲು ಕುಡಿಸಿದಾಕಿ ನಾನು. ಆವಾಗ ನಿಮ್ಮಪ್ಪ ಕೊಟ್ಟಿದ್ದ. ಉಟ್ಟು ಉಟ್ಟು ಹರದ ಮ್ಯಾಲ ಗಂಟು ಕಟ್ಟಾಕ ಇಟಗೊಂಡೆ."

ವಾಣಿಶ್ರೀ ಪರದೆಯಲ್ಲಿ ಹುಡುಕಿದಳು. ಯಂತ್ರ ಕಲಿತ ನಾಲ್ಕು ಸಾವಿರ ಚಿತ್ರಗಳಲ್ಲಿ ಈ ಸೀರೆಯದು ಹನ್ನೊಂದು. ಹನ್ನೊಂದಕ್ಕೂ ಅಪ್ಪ ಒಂದನೇ ನಂಬರು ಹೇಳಿದ್ದ. ಪ್ರತಿ ಚಿತ್ರದ ಅಂಚಿನಲ್ಲೂ ಅಪ್ಪನ ಕೈ ಬಿದ್ದಿತ್ತು. ಉಳಿದ ಚಿತ್ರಗಳಲ್ಲಿ ಆ ಕೈ ಕಾಯಿ ಹಿಡಿದಿರುತ್ತಿತ್ತು. ಈ ಹನ್ನೊಂದರಲ್ಲಿ ಕಾಯಿಯನ್ನು ಮುಟ್ಟಿಯೇ ಇರಲಿಲ್ಲ. ಸೆರಗಿನ ಸುಕ್ಕು ತೀಡುತ್ತಿತ್ತು. ತಾಯಿಯ ಒಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ. ಅಪ್ಪ ಒಂದು ದಿನವೂ ಅವಳ ಹೆಸರೆತ್ತಿರಲಿಲ್ಲ. ಮಗಳಿಗೆ ಹೇಳದ್ದನ್ನು ಯಂತ್ರಕ್ಕೆ ಹೇಳಿ ಹೋಗಿದ್ದಾನಲ್ಲ ಎಂದು ವಾಣಿಶ್ರೀಗೆ ಸಿಟ್ಟೂ ಬಂತು, ಅಳುವೂ ಬಂತು.

ಚಿತ್ರದ ಕೆಳಗೆ ಎರಡು ಗುಂಡಿ: ಸರಿ, ತಪ್ಪು. ಈ ಹನ್ನೊಂದಕ್ಕೆ ತಪ್ಪು ಎಂದು ಒತ್ತಿದರೆ ಯಂತ್ರ ಅವನ್ನು ಮರೆಯುತ್ತದೆ, ಚಿತ್ರವೂ ಹೋಗುತ್ತದೆ. ಒತ್ತದಿದ್ದರೆ ಸಂಜೆಗೆ ನಾಲ್ಕು ಸಾವಿರವೂ ಹೋಗುತ್ತವೆ.

"ಒತ್ತವ್ವಾ" ಎಂದಳು ಹನಮವ್ವ. "ನನ್ನ ಕಾಯಿ ಎಂಥಾದಂತ ನನಗ ಗೊತ್ತಿಲ್ಲೇನು? ನಿಮ್ಮಪ್ಪ ಒಂದನೇ ನಂಬರ ಅಂದಾಗೆಲ್ಲಾ ನಾಚಿಕಿ ಬರ್ತಿತ್ತು. ಆದ್ರ ಬ್ಯಾಡ ಅಂದ್ರ ಅಂವ ಸೀರಿ ಮುಟ್ಟಾಕ ಮತ್ತ ಯಾವಾಗ ಬರ್ಬೇಕು? ಅದಕ್ಕ ಸುಮ್ಮನಿದ್ದೆ."

ವಾಣಿಶ್ರೀ ಒತ್ತಿದಳು. ಒಂದೊಂದು ಸಲ ಒತ್ತಿದಾಗಲೂ ಒಂದೊಂದು ಕೈ ಪರದೆಯಿಂದ ಇಲ್ಲವಾಯಿತು. ಹನ್ನೊಂದನೆಯದರ ಮುಂದೆ ಬೆರಳು ನಿಂತಿತು. ಅಪ್ಪನ ಬೆರಳ ಸಂದಿಯ ಕಪ್ಪು, ಉಗುರಿನಲ್ಲಿ ಕೂತ ಖಾರದ ಕೆಂಪು ಎಲ್ಲವನ್ನೂ ನೋಡಿಕೊಂಡು ಅದನ್ನೂ ಒತ್ತಿದಳು.

ಹನಮವ್ವ ಮೂರನೇ ನಂಬರಿನ ಚೀಟಿ ಹಿಡಿದು ಬೆಳ್ಳಟ್ಟಿಯ ಬಸ್ಸಿಗೆ ಹೊರಟಳು. ಕಾಯಿಗಳನ್ನು ಕಂಪನಿಯ ಚೀಲಕ್ಕೆ ತುಂಬಿಸಿ, ಸೀರೆಯನ್ನು ಮಡಚಿ ಮೇಜಿನ ಮೇಲೇ ಬಿಟ್ಟಿದ್ದಳು. ಮರೆತು ಬಿಟ್ಟದ್ದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಸಂಜೆ ಐದಕ್ಕೆ ಸೋಮೇಶನ ಸಂದೇಶ ಬಂತು: ಯಂತ್ರ ಸರಿಯಾಗಿದೆ, ಹಳೆಯ ಪಾಠವೇ ಇರಲಿ ಎಂದಿದ್ದಾರೆ. ವಾಣಿಶ್ರೀ ಬಾಗಿಲು ಮುಂದೆ ಮಾಡಿ ಬಂದಳು. ಸೀರೆಯನ್ನು ಬಿಚ್ಚಿ ತಲೆಯ ಮೇಲಿಂದ ಹೊದ್ದು, ಸ್ಟೂಲನ್ನು ಎಳೆದು ಕ್ಯಾಮೆರಾದ ಕೆಳಗೆ ಕೂತಳು. ಮೆಣಸಿನಕಾಯಿಯ ಘಾಟಿಗೆ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

ಒಂದು ಉಸಿರು. ಎರಡು. ಮೂರು.

"ಮಾಲು ಕಾಣುತ್ತಿಲ್ಲ. ಮತ್ತೊಮ್ಮೆ ಇಡಿ."

ಅವಳು ಸೆರಗಿನ ಸುಕ್ಕು ತೀಡಿ, ಇನ್ನಷ್ಟು ಮುಂದೆ ಎಳೆದುಕೊಂಡಳು.