ಐವತ್ತರ ಮುಂದಿನ ಬೊಟ್ಟು

ಟಣ್ ಎಂದು ಸದ್ದಾಯಿತು ನೋಡಿ, ತಮಿಳು ಸೀಮೆಯ ಗಣಪತಿ ಎಂಬ ಊರಿನ ಆ ಪಂಪ್ ವರ್ಕ್‌ಶಾಪಿನಲ್ಲಿ ಎಲ್ಲರ ಕೈಯೂ ನಿಂತುಹೋಯಿತು. ಈಶ್ವರಿ ಕೆಂಪು ಬಟನ್ ಒತ್ತುವಷ್ಟರಲ್ಲಿ ಹೊಸ ಕಂಪ್ಯೂಟರ್ ಲೇತಿನ ಉಳಿ ಮುರಿದು ಟ್ರೇಗೆ ಬಿದ್ದಿತ್ತು.

ಫೋರ್‌ಮನ್ ದೇವರಾಜನ್ ಓಡಿಬಂದು ಪರದೆ ನೋಡಿದರು. ಈ ಲೇತಿನಲ್ಲಿ ಕೈಯಿಂದ ಚಕ್ರ ತಿರುಗಿಸುವ ಗೊಡವೆಯಿಲ್ಲ. ಉಳಿ ಎಲ್ಲಿಗೆ ಹೋಗಬೇಕು, ಎಷ್ಟು ಹೆರೆಯಬೇಕು, ಎಷ್ಟು ಹಿಂದೆ ಸರಿಯಬೇಕು, ಎಲ್ಲವನ್ನೂ ಅಂಕಿಯಲ್ಲಿ ಹೇಳಿದರೆ ಸಾಕು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತದೆ, ಅದೇ ಅದರ ಪೀಡೆ. ಐವತ್ತು ಮಿಲಿಮೀಟರ್ ಹಿಂದೆ ಸರಿ ಅನ್ನಬೇಕಾದರೆ ಐವತ್ತು ಒತ್ತಿ ಅದರ ಮುಂದೊಂದು ಚುಕ್ಕೆ ಇಡಬೇಕು. ಮರೆತಿರೋ, ಕೂದಲೆಳೆಯಷ್ಟು ಸರಿದು ನಿಲ್ಲುತ್ತದೆ. ಈಗಲೂ ಹಾಗೇ ನಿಂತು, ಉಳಿಗಳನ್ನು ಹಿಡಿದ ತಲೆ ಅಲ್ಲೇ ಮುಂದಿನ ಉಳಿಗೆಂದು ತಿರುಗಿ, ಹೆರೆಯುತ್ತಿದ್ದ ಶಾಫ್ಟಿಗೆ ಬಡಿದಿತ್ತು.

"ಪುಳ್ಳಿ ಎಂಗಮ್ಮಾ?" ಎಂದರು ದೇವರಾಜನ್, ಚುಕ್ಕೆ ಇರಬೇಕಾದ ಖಾಲಿ ಜಾಗ ತೋರಿಸಿ. ಬೈಯಲಿಲ್ಲ, ಅದೇ ಹೆಚ್ಚು ನೋಯಿತು. ಇನ್ನೊಂದು ಸಲ ಹೀಗಾದರೆ ಮಾಲೀಕರು ಮಿಷಿನ್ ಬೇರೆಯವರಿಗೆ ಕೊಡುತ್ತಾರೆ, ಆಮೇಲೆ ನನ್ನ ಕೈಲಿ ಏನೂ ಇಲ್ಲ, ಎಂದು ತಮಿಳಿನಲ್ಲೇ ಮೆಲ್ಲಗೆ ಹೇಳಿದರು.

ಗಂಡ ರಾಮಲಿಂಗಂ ತೀರಿಹೋದ ಮೇಲೆ ಮೋಟರಿಗೆ ತಂತಿ ಸುತ್ತಲು ಬಂದವಳು ಈಶ್ವರಿ. ಮಿಷಿನ್ ಮೇಲೆ ಹೆಂಗಸೇ ಎಂದು ಗಂಡಸರು ಮೂಗು ಮುರಿದಾಗ ದೇವರಾಜನ್ನೇ ಪಟ್ಟು ಹಿಡಿದು ಅವಳನ್ನು ಆ ಕೆಲಸಕ್ಕೆ ನಿಲ್ಲಿಸಿದ್ದರು. ಆ ಮಿಷಿನ್ ಅವಳಿಗೆ ಬೇಕಿತ್ತು. ಅದರ ಮುಂದೆ ನಿಂತಿರುವಾಗ ಅವಳನ್ನು ಯಾರೂ 'ಪಾಪ' ಎನ್ನುತ್ತಿರಲಿಲ್ಲ.

ಮನೆಯಲ್ಲಿ ಅತ್ತೆ ಕಣ್ಣಮ್ಮ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದಳು.

"ಏನಡೀ, ಮೊಗ ಸುಟ್ಟ ಬದ್ನೆಕಾಯ್ ಆಗೈತೆ?"

ತಮಿಳಿನ 'ಪುಳ್ಳಿ'ಗೆ ಮನೆಯ ಕನ್ನಡದಲ್ಲಿ ಈಶ್ವರಿಗೆ ಸಿಕ್ಕಿದ್ದು ಒಂದೇ ಮಾತು. "ಬೊಟ್ಟು ಇಡಕ್ಕೆ ಮರ್ತೋದೆ ಅತ್ತೆ. ಇನ್ನೊಂದ್ ತಡವೆ ಮರ್ತ್ರೆ ಮಿಷಿನ್ ಇಲ್ವಂತೆ."

ಲಾಳಿ ನಿಂತಿತು. ಮಗನ ಕರ್ಮದ ದಿನ ಸೊಸೆಯ ಹಣೆ ಒರೆಸಿದ್ದು ಕಣ್ಣಮ್ಮನದೇ ಸೆರಗು.

"ಯಾವ ಹಾಳಾದೋನು ಕೇಳ್ದ ಅದ್ನ? ಅವನ್ ಬಾಯ್ಗೆ ಮಣ್ ಬೀಳ!" ಎಂದು ಕೂಗಿದಳು. ಗುಂಡಿಯಿಂದ ಎದ್ದು, ಮೊಣಕಾಲು ಹಿಡಿದುಕೊಂಡು ದೇವರ ಗೂಡಿಗೆ ಹೋಗಿ, ಕುಂಕುಮದ ಬಟ್ಟಲು ತಂದಳು. "ಬಾ ಇಲ್ಲಿ. ಕೆಲ್ಸ ಉಳೀತದೆ ಅಂದ್ರೆ ಇಟ್ಕೋ. ಊರೋರ್ ಬಾಯ್ಗೆ ನಾನ್ ಪದಿಲ್ ಹೇಳ್ತೀನಿ."

ಈಶ್ವರಿಗೆ ಆಗ ಹೊಳೆಯಿತು. ನಗುವೂ ಬಂತು, ಅಳುವೂ ಬಂತು.

"ಅಯ್ಯೋ ಅತ್ತೆ, ಹಣೆಗಲ್ಲ! ನಂಬರ್‌ಗೆ. ಐವತ್ತರ ಮುಂದೆ ಇಡೋ ಬೊಟ್ಟು."

ಕಣ್ಣಮ್ಮನ ಬೆರಳು ಗಾಳಿಯಲ್ಲೇ ನಿಂತಿತು, ತುದಿಯಲ್ಲಿ ಕುಂಕುಮ. ಬಟ್ಟಲಿಗೇ ಒದರಿಬಿಡಬಹುದಿತ್ತು. ಅವಳು ಬೆರಳನ್ನು ನೋಡಿದಳು, ಸೊಸೆಯ ಬರಿ ಹಣೆಯನ್ನು ನೋಡಿದಳು.

"ತೆಗ್ದಿದ್ದು ತೆಗ್ದಾಯ್ತು," ಎಂದು ಗದರಿದಳು. "ಇಲ್ಲಿದ್ರೆ ಅಲ್ಲೀದೂ ಗ್ಯಾಪಕ ಇರ್ತದೆ. ಅಲ್ಲಾಡ್ಬೇಡ, ನಿಲ್ಲು."

ಮರುದಿನ ವರ್ಕ್‌ಶಾಪಿನಲ್ಲಿ ಅವಳ ಹಣೆಯತ್ತ ತಲೆಗಳು ತಿರುಗಿದವು. ಯಾರೋ ಬಾಯಿ ತೆರೆದರು, ದೇವರಾಜನ್ ಮುಖ ನೋಡಿ ಮುಚ್ಚಿಕೊಂಡರು. ಈಶ್ವರಿ ಐದು ಒತ್ತಿದಳು, ಸೊನ್ನೆ ಒತ್ತಿದಳು. ಬೆರಳು ತಾನಾಗಿ ಹಣೆಗೆ ಹೋಯಿತು, ಅಲ್ಲಿಂದಿಳಿದು ಚುಕ್ಕೆಯ ಬಟನ್ ಮೇಲೆ ಕೂತಿತು.

ಉಳಿ ಶಾಫ್ಟನ್ನು ಬಿಟ್ಟು ದೂರ, ನಿರಾಳವಾಗಿ ಹಿಂದೆ ಸರಿಯಿತು. ಬಟನ್ ಮೇಲೆ ಸಾಸಿವೆಯಷ್ಟು ಕೆಂಪು ಅಂಟಿತ್ತು.